ಅಂಟಾರ್ಕ್ಟಿಕಾದಲ್ಲಿ ಕಕ್ಕಸು ತೊಳೆಯೋರು ಯಾರು?



ಪ್ರಶ್ನೆ ನೋಡಿ ನಗಬೇಡಿ. ದಕ್ಷಿಣ ಧ್ರುವದ ಕಡೆ ಹೋದವರ ಬಗ್ಗೆ ಯಾವ ಪುಸ್ತಕ ಕೈಗೆ ಸಿಕ್ಕರೂ ನಾನು ಮೊದಲು ಹುಡುಕೋದು ಇದನ್ನೇ. ಬಾವುಟ ಯಾರು ನೆಟ್ಟರು ಅನ್ನೋದು ಶಾಲೆ ಮಕ್ಕಳಿಗೂ ಗೊತ್ತು. ಆ ಬಾವುಟ ಹೊತ್ತ ಗಾಡಿ ಮಾಡಿದವರು ಯಾರು? ಒಲೆ ಹಚ್ಚಿದವರು ಯಾರು? ಹಿಮ ಕರಗಿಸಿ ಕುಡಿಯೋ ನೀರು ಮಾಡಿದವರು ಯಾರು? ಹೇಲು ಎತ್ತಿದವರು ಯಾರು? ಪೌರಕಾರ್ಮಿಕರ ಕೇರಿಗಳಲ್ಲಿ ಓಡಾಡಿದವರಿಗೆ ಈ ಪ್ರಶ್ನೆ ತಾನಾಗಿಯೇ ಬರುತ್ತೆ.

ಇನ್ನೊಂದು ಕಾರಣವೂ ಇದೆ. ನಮ್ಮ ಸಭೆಗಳಲ್ಲೇ ಕೆಲವು ಪ್ರಗತಿಪರ ಗೆಳೆಯರು ಪದೇ ಪದೇ ಒಂದು ಮಾತು ಹೇಳ್ತಾರೆ. ಕಷ್ಟ ಬಂದಾಗ ಮೇಲು ಕೀಳು ತಾನಾಗಿ ಉದುರಿ ಹೋಗುತ್ತೆ, ಸಾವು ಎದುರಿಗೆ ನಿಂತಾಗ ಎಲ್ಲರೂ ಒಂದೇ ಅಂತ. ಈ ಮಾತನ್ನು ಪರೀಕ್ಷೆ ಮಾಡೋಕೆ ಅಂಟಾರ್ಕ್ಟಿಕಾಗಿಂತ ಒಳ್ಳೆ ಜಾಗ ಭೂಮಿ ಮೇಲಿಲ್ಲ. ಅಲ್ಲಿ ಊರಿಲ್ಲ, ಕೇರಿಯಿಲ್ಲ. ಗುಡಿಯಿಲ್ಲ, ಗೌಡನಿಲ್ಲ. ಎಲ್ಲರೂ ಹೊರಗಿಂದ ಹೋದವರು, ಎಲ್ಲರಿಗೂ ಒಂದೇ ಚಳಿ. ಹಾಗಿದ್ದ ಮೇಲೆ ಅಲ್ಲಿ ಮೇಲು ಕೀಳು ಇರಬಾರದಿತ್ತು. ಇತ್ತಾ, ಇರಲಿಲ್ವಾ? ನೋಡೋಣ.

1911ನೇ ಇಸವಿ. ಬ್ರಿಟಿಷ್ ನೌಕಾಪಡೆಯ ರಾಬರ್ಟ್ ಸ್ಕಾಟ್ ತನ್ನ ತಂಡದ ಜೊತೆ ಕೇಪ್ ಇವಾನ್ಸ್ ಅನ್ನೋ ಜಾಗದಲ್ಲಿ ಮರದ ಮನೆ ಕಟ್ಟಿಸಿದ. 50 ಅಡಿ ಉದ್ದ, 25 ಅಡಿ ಅಗಲ. ಅದನ್ನು ನಿಲ್ಲಿಸಿದ್ದು ಹಡಗಿನ ಬಡಗಿ ಫ್ರಾನ್ಸಿಸ್ ಡೇವಿಸ್. ಆ ಚಳಿಗಾಲ ಒಳಗಿದ್ದವರು 25 ಜನ. ಸುತ್ತ ಸಾವಿರಾರು ಮೈಲಿ ಹಿಮ. ಅಷ್ಟು ಚಿಕ್ಕ ಮನೆಯೊಳಗೆ ಸ್ಕಾಟ್ ಮಾಡಿದ್ದೇನು ಗೊತ್ತಾ? ಸಾಮಾನಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಅಡ್ಡಗೋಡೆ ಹಾಕಿಸಿದ. ಗೋಡೆಯ ಆಚೆ ಅಧಿಕಾರಿಗಳು, ವಿಜ್ಞಾನಿಗಳು, 16 ಜನ. ಈಚೆ, ಬಾಗಿಲ ಕಡೆಗೆ, ಅಡುಗೆಯವನು, ನಾವಿಕರು, ಕುದುರೆ ನೋಡಿಕೊಳ್ಳುವವನು, ನಾಯಿ ಗಾಡಿ ಹೊಡೆಯುವವನು, 9 ಜನ. ಊಟದ ಮೇಜೂ ಬೇರೆ.

ಇದು ಅಸ್ಪೃಶ್ಯತೆ ಅಂತ ನಾನು ಹೇಳ್ತಿಲ್ಲ. ಅದು ಬ್ರಿಟಿಷ್ ನೌಕಾಪಡೆಯ ವರ್ಗಭೇದ, ಅದನ್ನು ಹಡಗಿನ ಜೊತೆಗೇ ತಂದಿದ್ದರು. ಆದರೆ ಒಂದು ವಿಷಯ ಗಮನಿಸಿ. ಚಳಿ ಆ ಗೋಡೆಯನ್ನು ಬೀಳಿಸಲಿಲ್ಲ. ಬೇಳೆಕಾಳಿನ ಪೆಟ್ಟಿಗೆ ಸಿಕ್ಕರೂ ಸಾಕು, ಮನುಷ್ಯ ಅದರಲ್ಲೇ ಗೋಡೆ ಕಟ್ತಾನೆ.

ಈಚೆ ಕಡೆಯ ಒಂಬತ್ತು ಜನರಲ್ಲಿ ಎಡ್ಗರ್ ಇವಾನ್ಸ್ ಒಬ್ಬ. ವೇಲ್ಸ್ ಪ್ರಾಂತ್ಯದ ನಾವಿಕ. ಧ್ರುವಕ್ಕೆ ಹೋದ ಐವರಲ್ಲಿ ಅಧಿಕಾರಿ ಅಲ್ಲದವನು ಇವನೊಬ್ಬನೇ. 1911ರ ಡಿಸೆಂಬರ್ ಕೊನೆಗೆ, ಇನ್ನೂ ದಾರಿಯಲ್ಲಿರುವಾಗಲೇ, 12 ಅಡಿಯ ಸ್ಲೆಡ್ಜ್ ಗಾಡಿಗಳನ್ನು ಬಿಚ್ಚಿ 10 ಅಡಿಗೆ ಇಳಿಸೋ ಕೆಲಸ ಬಂತು. ಆ ಚಳಿಯಲ್ಲಿ ಬರಿಗೈಲಿ ಮಾಡಬೇಕಾದ ಬಡಗಿ ಕೆಲಸ. ಇವಾನ್ಸ್, ಟಾಮ್ ಕ್ರೀನ್, ವಿಲಿಯಂ ಲ್ಯಾಶ್ಲಿ ಮಾಡಿದರು. ಮಾಡುವಾಗ ಇವಾನ್ಸನ ಕೈ ಕೊಯ್ದುಕೊಂಡಿತು. ಎಲ್ಲಿ ವಾಪಸ್ ಕಳಿಸಿಬಿಡ್ತಾರೋ ಅಂತ ಅವನು ಗಾಯ ಮುಚ್ಚಿಟ್ಟ. ಗಾಯ ಮಾಯಲೇ ಇಲ್ಲ. ಐವರಲ್ಲಿ ಆಳು ದೊಡ್ಡವನು ಅವನೇ, ಸಿಕ್ಕ ಪಡಿ ಮಾತ್ರ ಎಲ್ಲರಷ್ಟೇ. 1912ರ ಫೆಬ್ರವರಿ 17ಕ್ಕೆ ತೀರಿಕೊಂಡ. ಉಳಿದ ನಾಲ್ವರೂ ಆಮೇಲೆ ಸತ್ತರು.

ಸುದ್ದಿ 1913ರಲ್ಲಿ ಇಂಗ್ಲೆಂಡಿಗೆ ತಲುಪಿದಾಗ ಅಧಿಕಾರಿಗಳು ವೀರರಾದರು. ಇವಾನ್ಸನ ಬಗ್ಗೆ ಮಾತ್ರ ಪತ್ರಿಕೆಗಳಲ್ಲಿ ಬೇರೆ ಮಾತು ಬಂತು. ಅವನಿಂದಲೇ ತಡವಾಯ್ತಂತೆ, ಓದಿಲ್ಲದ ಆಳಾದ್ದರಿಂದ ಅವನ ಮನಸ್ಸು ತಡೆಯಲಿಲ್ಲವಂತೆ. ಈ ರಾಗ ನಮಗೆ ಹೊಸದಲ್ಲ ಅಲ್ವಾ? ಗೆದ್ದರೆ ಅವರ ಮೆರಿಟ್ಟು, ಸೋತರೆ ನಮ್ಮ ಕೊರತೆ.

ಅದೇ ಹೊತ್ತಿಗೆ ನಾರ್ವೆಯ ಅಮುಂಡ್ಸೆನ್ ಕೂಡ ಅಲ್ಲೇ ಇದ್ದ. ಅವನ ಮನೆಯಲ್ಲಿ 9 ಜನ, ಅಡ್ಡಗೋಡೆ ಇರಲಿಲ್ಲ. ಮನೆ ಕಟ್ಟಿದ್ದು ಸ್ಟುಬೆರುಡ್ ಅನ್ನೋ ಬಡಗಿ. ಬ್ಯೋಲಾಂಡ್ ಅನ್ನೋ ಇನ್ನೊಬ್ಬ ಮರಗೆಲಸದವನು ಚಳಿಗಾಲ ಪೂರ್ತಿ ಹಿಮದೊಳಗೆ ಕೊರೆದ ಗವಿಯಲ್ಲಿ ಕೂತು ಸ್ಲೆಡ್ಜ್ ಗಾಡಿಗಳನ್ನು ಕೀಸಿ ಕೀಸಿ, ತೂಕವನ್ನು ಸುಮಾರು ಮೂರನೇ ಒಂದು ಪಾಲಿಗೆ ಇಳಿಸಿದ. 1911ರ ಡಿಸೆಂಬರ್ 14ಕ್ಕೆ ಧ್ರುವ ಮುಟ್ಟಿದ ಐವರಲ್ಲಿ ಬ್ಯೋಲಾಂಡ್ ಒಬ್ಬ. ಅಲ್ಲಿ ಅಮುಂಡ್ಸೆನ್ ಒಬ್ಬನೇ ಬಾವುಟ ನೆಡಲಿಲ್ಲ, ಐವರೂ ಒಟ್ಟಿಗೆ ಕೋಲು ಹಿಡಿದು ನೆಟ್ಟರು. ಉಳಿ ಹಿಡಿದ ಕೈಯೂ ಅದೇ ಕೋಲಿನ ಮೇಲಿತ್ತು.

ಹಾಗಂತ ಅಮುಂಡ್ಸೆನ್‌ನನ್ನು ದೇವರು ಮಾಡೋದು ಬೇಡ. ಅವನ ಅವಸರದ ತೀರ್ಮಾನವನ್ನು ಎಲ್ಲರ ಎದುರು ಪ್ರಶ್ನೆ ಮಾಡಿದ ಹ್ಯಾಲ್ಮರ್ ಯೋಹಾನ್ಸೆನ್ ಅನ್ನೋ ಅನುಭವಸ್ಥನನ್ನು ಧ್ರುವದ ತಂಡದಿಂದಲೇ ಹೊರಗಿಟ್ಟ. ಯೋಹಾನ್ಸೆನ್ 1913ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಕೋಲು ಹಿಡಿಯೋಕೆ ಎಲ್ಲರ ಕೈ ಬೇಕಿತ್ತು, ಎದುರು ಮಾತಾಡೋ ಬಾಯಿ ಬೇಕಿರಲಿಲ್ಲ.

ಈಗ ಹ್ಯಾರಿ ಮೆಕ್‌ನಿಶ್ ಕಥೆಗೆ ಬರೋಣ. ಇವತ್ತು ಕಂಪನಿಗಳ ಲೀಡರ್‌ಶಿಪ್ ತರಬೇತಿಗಳಲ್ಲಿ ಅರ್ನೆಸ್ಟ್ ಶ್ಯಾಕಲ್ಟನ್ ಹೆಸರು ಕೇಳಿರ್ತೀರ. ಹಡಗು ಮುಳುಗಿದರೂ 28 ಜನರಲ್ಲಿ ಒಬ್ಬನೂ ಸಾಯದಂತೆ ವಾಪಸ್ ಕರೆತಂದ ನಾಯಕ ಅಂತ. ನಿಜ, ಕರೆತಂದ. ಆದರೆ ಆ ದೋಣಿಯನ್ನು ತೇಲುವಂತೆ ಮಾಡಿದವನ ಹೆಸರು ತರಬೇತಿಯಲ್ಲಿ ಅಷ್ಟಾಗಿ ಬರಲ್ಲ.

ಮೆಕ್‌ನಿಶ್ ಹುಟ್ಟಿದ್ದು 1874ರಲ್ಲಿ, ಸ್ಕಾಟ್ಲೆಂಡಿನ ಪೋರ್ಟ್ ಗ್ಲಾಸ್ಗೋದಲ್ಲಿ. 11 ಮಕ್ಕಳಲ್ಲಿ ಮೂರನೆಯವನು. ಅಪ್ಪ ಚಪ್ಪಲಿ, ಬೂಟು ಹೊಲಿಯುವವನು. ಮಗ ಹಡಗು ಬಡಗಿಯಾದ. ಸಮಾಜವಾದಿ, ಮುಂಗೋಪಿ, ಕೆಟ್ಟ ಮಾತು ಕೇಳಿದರೆ ಆಗ್ತಿರಲಿಲ್ಲ. 1914ರಲ್ಲಿ ಎಂಡ್ಯೂರೆನ್ಸ್ ಹಡಗು ಹತ್ತಿದ. ಜೊತೆಗೊಂದು ಬೆಕ್ಕು. ಹಡಗಿನಲ್ಲಿ ಎಲ್ಲರೂ ಅದನ್ನು ಮಿಸೆಸ್ ಚಿಪ್ಪಿ ಅಂತ ಕರೀತಿದ್ದರು.

ಶ್ಯಾಕಲ್ಟನ್ ಒಂದು ಒಳ್ಳೆ ನಿಯಮ ಮಾಡಿದ್ದ. ವಿಜ್ಞಾನಿಯಾಗಲಿ ಅಧಿಕಾರಿಯಾಗಲಿ, ಎಲ್ಲರೂ ಪಾಳಿ ಪ್ರಕಾರ ಹಡಗಿನ ನೆಲ ಉಜ್ಜಬೇಕು. ಓರ್ಡ್-ಲೀಸ್ ಅನ್ನೋ ಸೈನ್ಯಾಧಿಕಾರಿ ಇದರ ಬಗ್ಗೆ ಡೈರಿಯಲ್ಲಿ ಗೊಣಗಿದ್ದಾನೆ. ನಯವಾಗಿ ಬೆಳೆದವರಿಗೆ ಇದು ತಕ್ಕ ಕೆಲಸವಲ್ಲ ಅನ್ನೋದು ಅವನ ಅಳಲು. ಆದರೆ ಇದರಿಂದ ತನ್ನೊಳಗಿನ ಸುಳ್ಳು ಜಂಭ ಇಳಿಯುತ್ತೆ ಅಂತಲೂ ಅವನೇ ಒಪ್ಪಿಕೊಂಡಿದ್ದಾನೆ. ನೆಲ ಉಜ್ಜೋಕೆ ಹಚ್ಚಿದ ಮೇಲೆ ಬಂದ ಅರಿವು ಅದು, ಮೊದಲೇ ಇದ್ದದ್ದಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

1915ರ ಜನವರಿಯಲ್ಲಿ ಹಡಗು ಹಿಮದಲ್ಲಿ ಸಿಕ್ಕಿಕೊಂಡಿತು. ಅಕ್ಟೋಬರ್ 27ಕ್ಕೆ ಅದನ್ನು ಬಿಟ್ಟು ಎಲ್ಲರೂ ತೇಲೋ ಹಿಮದ ಮೇಲೆ ಇಳಿದರು. ನಾಯಿಮರಿಗಳ ಜೊತೆ ಆ ಬೆಕ್ಕನ್ನೂ ಗುಂಡಿಟ್ಟು ಕೊಲ್ಲಿಸಲಾಯಿತು. ನವೆಂಬರಿನಲ್ಲಿ ಹಡಗು ಮುಳುಗಿತು. ಡಿಸೆಂಬರಿನಲ್ಲಿ ಭಾರದ ದೋಣಿಗಳನ್ನು ಹಿಮದ ದಿಬ್ಬಗಳ ಮೇಲೆ ಎಳೆದುಕೊಂಡು ಹೋಗಿ ಅಂತ ಆದೇಶ ಬಂತು. ದೋಣಿ ಹಾಳಾಗ್ತಿತ್ತು, ದಾರಿ ಸಾಗ್ತಿರಲಿಲ್ಲ. ಮೆಕ್‌ನಿಶ್ ನಿಂತುಬಿಟ್ಟ. ಹಡಗು ಹೋದ ಮೇಲೆ ಹಡಗಿನ ಕರಾರೂ ಮುಗೀತು, ಇನ್ನು ಆದೇಶ ಪಾಲಿಸಬೇಕಿಲ್ಲ ಅಂದ. ಕೂಲಿಯವನು ಕರಾರಿನ ಭಾಷೆಯಲ್ಲೇ ಮಾತಾಡಿದ. ಶ್ಯಾಕಲ್ಟನ್ ಎಲ್ಲರನ್ನೂ ಸೇರಿಸಿ ಕರಾರು ಪತ್ರ ಓದಿದ, ಕರಾರು ಇನ್ನೂ ಜಾರಿಯಲ್ಲಿದೆ ಅಂದ. ಮೆಕ್‌ನಿಶ್ ಮತ್ತೆ ಹಗ್ಗ ಹಿಡಿದ. ಎರಡು ದಿನದಲ್ಲಿ ಆ ಮೆರವಣಿಗೆಯನ್ನು ಶ್ಯಾಕಲ್ಟನ್ನೇ ಕೈಬಿಡಬೇಕಾಯಿತು.

1916ರ ಏಪ್ರಿಲಿನಲ್ಲಿ ಎಲ್ಲರೂ ಎಲಿಫೆಂಟ್ ದ್ವೀಪ ಸೇರಿದರು. ಸಹಾಯ ತರಬೇಕಂದರೆ ಜಗತ್ತಿನ ಅತ್ಯಂತ ಕೆಟ್ಟ ಸಮುದ್ರದಲ್ಲಿ ಸುಮಾರು 1,300 ಕಿಲೋಮೀಟರ್ ದೂರದ ಸೌತ್ ಜಾರ್ಜಿಯಾಕ್ಕೆ ಹೋಗಬೇಕು. ಇದ್ದದ್ದು ಜೇಮ್ಸ್ ಕೇರ್ಡ್ ಅನ್ನೋ 22 ಅಡಿ ಚಿಲ್ಲರೆಯ ದೋಣಿ. ಮೆಕ್‌ನಿಶ್ ಅದರ ಪಕ್ಕಗಳನ್ನು ಎತ್ತರಿಸಿದ. ಸ್ಲೆಡ್ಜಿನ ಪಟ್ಟಿ, ಪೆಟ್ಟಿಗೆಯ ಮುಚ್ಚಳ, ಕಲ್ಲಿನಂತೆ ಸೆಟೆದ ಕ್ಯಾನ್ವಾಸ್ ಹಾಕಿ ಮೇಲೆ ಮುಚ್ಚಿಗೆ ಕಟ್ಟಿದ. ಇನ್ನೊಂದು ದೋಣಿಯ ಕಂಬ ಕಿತ್ತು ತಳಕ್ಕೆ ಬಲ ಕೊಟ್ಟ. ಸಂದುಗಳಿಗೆ ದೀಪದ ಬತ್ತಿ ತುರುಕಿ, ಚಿತ್ರಕಾರನ ಎಣ್ಣೆ ಬಣ್ಣ, ಸೀಲ್ ಪ್ರಾಣಿಯ ರಕ್ತ ಬಳಿದ. ಏಪ್ರಿಲ್ 24ಕ್ಕೆ ಆರು ಜನ ಹೊರಟರು. ಅವನೂ ಆ ಆರರಲ್ಲಿ ಒಬ್ಬ. ಮೇ 10ಕ್ಕೆ ದಡ ಮುಟ್ಟಿದರು. ಮುಂದೆ ಮೂವರು ಹಿಮಪರ್ವತ ದಾಟಿ ನಡೆಯಬೇಕಿತ್ತು. ಕಾಲು ಜಾರಬಾರದು ಅಂತ ದೋಣಿಯ ಸ್ಕ್ರೂಗಳನ್ನೇ ಬಿಚ್ಚಿ ಅವರ ಬೂಟಿನ ತಳಕ್ಕೆ ಹೊಡೆದುಕೊಟ್ಟ, ಬೂಟು ಹೊಲಿಯುವವನ ಮಗ. ಆಗಸ್ಟ್ 30ಕ್ಕೆ ದ್ವೀಪದಲ್ಲಿ ಉಳಿದಿದ್ದ 22 ಜನರೂ ಬದುಕಿ ಬಂದರು.

ವಾಪಸಾದ ಮೇಲೆ ತಂಡಕ್ಕೆ ಪೋಲಾರ್ ಮೆಡಲ್ ಕೊಟ್ಟರು. ಶ್ಯಾಕಲ್ಟನ್ ನಾಲ್ಕು ಹೆಸರು ಶಿಫಾರಸು ಮಾಡಲಿಲ್ಲ. ಮೂವರು ಮೀನು ದೋಣಿಗಳಲ್ಲಿ ದುಡಿದು ಬಂದಿದ್ದ ಕೂಲಿ ನಾವಿಕರು: ವಿನ್ಸೆಂಟ್, ಹೋಲ್ನೆಸ್, ಸ್ಟೀಫನ್ಸನ್. ನಾಲ್ಕನೆಯವನು ಮೆಕ್‌ನಿಶ್. ಇದು ದೊಡ್ಡ ಅನ್ಯಾಯ ಅಂತ ಆ ಹಡಗಿನ ಡಾಕ್ಟರ್ ಮ್ಯಾಕ್ಲಿನ್ ಆಮೇಲೆ ಹೇಳಿದರು.

ಮೆಕ್‌ನಿಶ್ ಕೊನೆಗಾಲ ಕಳೆದದ್ದು ನ್ಯೂಜಿಲೆಂಡಿನ ವೆಲಿಂಗ್ಟನ್ ಬಂದರಿನಲ್ಲಿ. ಪೆಟ್ಟಾಗಿ ಕೆಲಸ ಮಾಡೋಕಾಗದೆ ಬಂದರಿನ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಮಲಗ್ತಿದ್ದ. ಹಮಾಲಿಗಳು ತಿಂಗಳಿಗಿಷ್ಟು ಅಂತ ಕಾಸು ಕೂಡಿಸಿ ಕೊಡ್ತಿದ್ದರು. 1930ರಲ್ಲಿ ವೃದ್ಧಾಶ್ರಮವೊಂದರ ಆಸರೆಯಲ್ಲಿರುವಾಗ ಸತ್ತ. ನೌಕಾಪಡೆ ಗೌರವದಿಂದಲೇ ಮಣ್ಣು ಮಾಡಿದರು, ಆದರೆ 1959ರವರೆಗೆ ಸಮಾಧಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. 2004ರಲ್ಲಿ ಆ ಸಮಾಧಿಯ ಮೇಲೆ ಅವನ ಬೆಕ್ಕಿನ ಕಂಚಿನ ಪ್ರತಿಮೆ ಕೂರಿಸಿದರು. ಬೆಕ್ಕಿಗೆ ಕಂಚು ಸಿಕ್ಕಿತು. ಬಡಗಿಗೆ ಪದಕ ಸಿಗಲಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಮೆಕ್‌ನಿಶ್ ನಮ್ಮವನು ಅಂತ ಕಣ್ಣೀರು ಹಾಕೋದು ಸುಲಭ. ಅವನು ದಲಿತ ಅಲ್ಲ. ಚಪ್ಪಲಿ ಹೊಲಿಯುವವನ ಮಗ ಉಳಿ ಹಿಡಿದಾಗ ಅಲ್ಲಿ ಯಾರೂ ತಡೆಯಲಿಲ್ಲ. ಅವನು ಮಾಡಿದ ದೋಣಿಯಲ್ಲಿ ಕೂರೋಕೆ, ಅವನು ಮುಟ್ಟಿದ ನೀರು ಕುಡಿಯೋಕೆ ಯಾರೂ ಹಿಂಜರಿಯಲಿಲ್ಲ. ಅವನನ್ನು ಶಿಕ್ಷಿಸಿದ್ದು ಎದುರು ಮಾತಾಡಿದ್ದಕ್ಕೆ, ಹುಟ್ಟಿದ್ದಕ್ಕಲ್ಲ. ನಮ್ಮಲ್ಲಿ? 12ನೇ ಶತಮಾನದಲ್ಲಿ ಚಪ್ಪಲಿ ಹೊಲಿಯುವ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಿತು. ಕಾಯಕ ಅಂತ ಬಾಯಲ್ಲಿ ಹೇಳ್ತಾ, ಯಾವ ಕಾಯಕ ಯಾರದ್ದು ಅನ್ನೋದನ್ನು ಮಾತ್ರ ಹುಟ್ಟಿಗೇ ಕಟ್ಟಿ ಹಾಕಿದೆವು. ಜಾತಿ ಅಂದರೆ ಕೆಲಸದ ಹಂಚಿಕೆ ಅಷ್ಟೇ ಅಲ್ಲ, ಕೆಲಸಗಾರರನ್ನೇ ಒಡೆದು ಮೇಲೆ ಕೆಳಗೆ ಜೋಡಿಸೋ ವ್ಯವಸ್ಥೆ ಅಂತ ಬಾಬಾಸಾಹೇಬರು 1936ರಲ್ಲೇ ಬಿಡಿಸಿ ತೋರಿಸಿದ್ದು ಇದನ್ನೇ.

ವೀರರ ಕಾಲ ಮುಗಿದು ಸಂಶೋಧನಾ ಕೇಂದ್ರಗಳ ಕಾಲ ಬಂತು. 1956ರ ನವೆಂಬರಿನಿಂದ ಅಮೆರಿಕದ ನೌಕಾಪಡೆಯ ಕಟ್ಟಡ ಕೆಲಸಗಾರರು ನೇರ ದಕ್ಷಿಣ ಧ್ರುವದ ಮೇಲೇ ಮನೆಗಳನ್ನು ಕಟ್ಟಿದರು. 1957ರ ಚಳಿಗಾಲ ಅಲ್ಲಿ ಉಳಿದವರು 18 ಜನ, 9 ವಿಜ್ಞಾನದವರು, 9 ನೌಕಾಪಡೆಯವರು. ಆರು ತಿಂಗಳು ಕತ್ತಲು. ಸೆಪ್ಟೆಂಬರಿನಲ್ಲಿ ಮೈನಸ್ 74.5 ಡಿಗ್ರಿ ಸೆಲ್ಸಿಯಸ್. ಕುಡಿಯೋ ನೀರಿಗೆ ಹಿಮದೊಳಗೆ ಗಣಿಯಂತೆ ಸುರಂಗ ತೋಡಿ, ಅಗೆದ ಹಿಮವನ್ನು ಎಳೆದು ತಂದು ಕರಗಿಸಬೇಕು. ವಿಜ್ಞಾನಿಗಳೂ ಗುದ್ದಲಿ ಹಿಡಿದರು. ಎಲ್ಲರೂ ಅಗೆದ ನೀರು, ಎಲ್ಲರೂ ಕುಡಿದ ನೀರು. 1927ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ಪೆಟ್ಟು ತಿಂದವರ ಮಕ್ಕಳು ನಾವು. ಇಂಥ ಸಾಲು ಓದಿದರೆ ಮುಂದಕ್ಕೆ ಹೋಗೋಕಾಗಲ್ಲ.

ಇಂಥ ಕಡೆ ಜೀವ ನಿಂತಿರೋದು ಕೈಗೆಲಸದವರ ಮೇಲೆ. ಜನರೇಟರ್ ನಿಂತರೆ ಬಿಸಿ ಇಲ್ಲ, ಬಿಸಿ ಇಲ್ಲದಿದ್ದರೆ ಪೈಪು ಒಡೆಯುತ್ತೆ, ಪೈಪು ಒಡೆದರೆ ನೀರೂ ಇಲ್ಲ ಕಕ್ಕಸೂ ಇಲ್ಲ. 1982ರ ಏಪ್ರಿಲ್ 12ರಂದು ಸೋವಿಯತ್ ಒಕ್ಕೂಟದ ವೊಸ್ತೋಕ್ ಕೇಂದ್ರದ ವಿದ್ಯುತ್ ಮನೆಗೆ ಬೆಂಕಿ ಬಿತ್ತು. ಒಬ್ಬ ಮೆಕ್ಯಾನಿಕ್ ಸತ್ತ. ಚಳಿಗಾಲ ಶುರುವಾಗಿದೆ, ವಿಮಾನ ಬರೋ ಹಾಗಿಲ್ಲ. ಉಳಿದ 20 ಜನ ಕೈಗೆ ಸಿಕ್ಕ ಸಾಮಾನಿನಲ್ಲೇ ಒಲೆ ಮಾಡಿಕೊಂಡು, ಹಳೇ ಡೀಸೆಲ್ ಯಂತ್ರ ಕೂಡಿಸಿಕೊಂಡು ತಿಂಗಳುಗಟ್ಟಲೆ ಬದುಕಿದರು. ಅಲ್ಲಿ ಜೀವ ಉಳಿಸಿದ್ದು ಸ್ಪಾನರ್ ಹಿಡಿದ ಕೈ.

ಸರಿ, ಮೊದಲ ಪ್ರಶ್ನೆಗೆ ಉತ್ತರ.

ಬ್ರಿಟಿಷರ ಇಂದಿನ ಕೇಂದ್ರಗಳಲ್ಲಿ 'ಗ್ಯಾಶ್' ಅನ್ನೋ ಪಾಳಿ ಇದೆ. ಕೇಂದ್ರದ ಮುಖ್ಯಸ್ಥ, ಹವಾಮಾನ ವಿಜ್ಞಾನಿ, ಪ್ಲಂಬರ್, ಎಲ್ಲರ ಹೆಸರೂ ಗೋಡೆ ಮೇಲಿನ ಒಂದೇ ಪಟ್ಟಿಯಲ್ಲಿ. ನಿಮ್ಮ ದಿನ ಬಂದಾಗ ಪಾತ್ರೆ ತೊಳೀಬೇಕು, ನೆಲ ಒರೆಸಬೇಕು, ಕಕ್ಕಸು ತೊಳೀಬೇಕು. ಅಮೆರಿಕದ ದಕ್ಷಿಣ ಧ್ರುವ ಕೇಂದ್ರದಲ್ಲಿ ಇದಕ್ಕೆ 'ಹೌಸ್ ಮೌಸ್' ಅಂತಾರೆ. ಆಸ್ಟ್ರೇಲಿಯಾದವರು ಅಡುಗೆಮನೆ ಪಾಳಿಗೆ 'ಸ್ಲಶಿ' ಅಂತಾರೆ. ಹೆಸರು ಬೇರೆ, ಪಟ್ಟಿ ಒಂದೇ. ಭಾರತದ ಕೇಂದ್ರಗಳಲ್ಲೂ ಎಲ್ಲ ಸದಸ್ಯರಿಗೆ ಗ್ಯಾಲಿ ಡ್ಯೂಟಿ ಬರುತ್ತೆ. ನಮ್ಮ ದೇಶದ ಡಾಕ್ಟರೇಟ್ ಪಡೆದ ವಿಜ್ಞಾನಿ ಅಲ್ಲಿ ಎಲ್ಲರ ಎಂಜಲು ತಟ್ಟೆ ತೊಳೀತಾನೆ. ಆಕಾಶ ಏನೂ ಬಿದ್ದಿಲ್ಲ.

1991ರ ಮ್ಯಾಡ್ರಿಡ್ ಒಪ್ಪಂದ ಇನ್ನೊಂದು ಕೆಲಸ ಮಾಡಿತು. ಅಲ್ಲಿನ ಕಸ, ಮಲಮೂತ್ರ ಏನಾಗಬೇಕು ಅನ್ನೋದಕ್ಕೆ ಅಂತಾರಾಷ್ಟ್ರೀಯ ನಿಯಮ ಬಂತು. ಹಿಮವಿಲ್ಲದ ನೆಲದ ಮೇಲೆ ಕೊಳಚೆ ಬಿಡೋ ಹಾಗಿಲ್ಲ, ಹೆಚ್ಚಿನ ಕಸವನ್ನು ಹಡಗಿನಲ್ಲಿ ವಾಪಸ್ ಒಯ್ಯಬೇಕು. ಅಲ್ಲಿಗೆ ಕಕ್ಕಸು ಅನ್ನೋದು ಎಂಜಿನಿಯರಿಂಗ್ ವಿಷಯವಾಯ್ತು. ಯಂತ್ರ, ಪೈಪು, ಕೈಗವಸು, ಪಾಳಿ ಪಟ್ಟಿ. ಯಾರದೋ ಹಣೆಬರಹ ಅಂತ ಬಿಡೋ ಹಾಗಿಲ್ಲ.

ಅಲ್ಲಿ ಸ್ವರ್ಗ ಇದೆ ಅಂತ ತಿಳ್ಕೊಬೇಡಿ. ಬೇಸಿಗೆಯಲ್ಲಿ ಸುಮಾರು ಸಾವಿರ ಜನ ಇರೋ ಅಮೆರಿಕದ ಮೆಕ್‌ಮರ್ಡೊ ಕೇಂದ್ರದಲ್ಲಿ ಶುಚಿ ಕೆಲಸಕ್ಕೇ ಅಂತ ಕಾಂಟ್ರ್ಯಾಕ್ಟ್ ಮೇಲೆ ಜನರನ್ನು ತಗೋತಾರೆ. ಅಲ್ಲಿ ವಿಜ್ಞಾನಿಗಳಿಗಿಂತ ಬಡಗಿ, ಎಲೆಕ್ಟ್ರಿಷಿಯನ್, ಡ್ರೈವರ್, ಅಡುಗೆಯವರೇ ಹೆಚ್ಚು. ಅವರು ವಿಜ್ಞಾನಿಗಳನ್ನು 'ಬೀಕರ್' ಅಂತ ಕಿಚಾಯಿಸ್ತಾರೆ. ಸಂಶೋಧನಾ ಲೇಖನದ ಮೇಲೆ ಬೀಕರ್ ಹೆಸರು ಇರುತ್ತೆ, ಪೈಪು ಒಡೆಯದಂತೆ ಕಾದವನ ಹೆಸರು ಇರಲ್ಲ. ಊರು ದೊಡ್ಡದಾದ ಕೂಡಲೇ ಗೋಡೆ ಮತ್ತೆ ಏಳೋಕೆ ಶುರುವಾಗುತ್ತೆ. ಅದಕ್ಕೇ ಹೇಳ್ತಿರೋದು, ಚಿಕ್ಕ ಕೇಂದ್ರಗಳಲ್ಲಿ ಸಮಾನತೆ ತಂದದ್ದು ಚಳಿಯಲ್ಲ, ಒಳ್ಳೆ ಮನಸ್ಸೂ ಅಲ್ಲ. ಗೋಡೆ ಮೇಲಿನ ಆ ಪಟ್ಟಿ.

ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ಭಾರತ 1983-84ರಲ್ಲಿ ಅಲ್ಲಿ ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿ ಕಟ್ಟಿತು. ಕಟ್ಟಿದ್ದು ಸೇನೆಯ ಎಂಜಿನಿಯರಿಂಗ್ ವಿಭಾಗದವರು. ಅದು ಹಿಮದಲ್ಲಿ ಹೂತು ಹೋಯ್ತು. ಆಮೇಲೆ ಮೈತ್ರಿ, 2012ರಲ್ಲಿ 134 ಕಂಟೇನರುಗಳಿಂದ ಕಟ್ಟಿದ ಭಾರತಿ. ಇವನ್ನು ನಡೆಸೋದು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ವಿಜ್ಞಾನಿಗಳಷ್ಟೇ ಅಲ್ಲ, ವೆಲ್ಡರ್, ಪ್ಲಂಬರ್, ಬಡಗಿ, ಡೀಸೆಲ್ ಮೆಕ್ಯಾನಿಕ್, ಅಡುಗೆಯವರನ್ನೂ ಕರಾರಿನ ಮೇಲೆ ಕರೀತಾರೆ. ಐಟಿಐ ಸರ್ಟಿಫಿಕೇಟು ಟ್ರಂಕಿನಲ್ಲಿ ಇಟ್ಟುಕೊಂಡು ಕೂತವರು ನಮ್ಮ ಕೇರಿಗಳಲ್ಲಿ ಕಮ್ಮಿ ಇಲ್ಲ. ಆ ಜಾಹೀರಾತು ಬಂದಾಗ ನೋಡಿ, ಅರ್ಜಿ ಹಾಕಿ. ಹೋದರೆ ದಿನಚರಿ ಬರೀರಿ. ಆ ಹಿಮದ ಚರಿತ್ರೆಯಲ್ಲಿ ನಮ್ಮ ಕೈಬರಹವೂ ಇರಲಿ.

ಕೊನೆಯದಾಗಿ ನಮ್ಮ ನೆಲಕ್ಕೆ ಬರ್ತೀನಿ. ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸೋಕೆ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರೇ ಬರಬೇಕಾಯ್ತು. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಒಣ ಕಕ್ಕಸುಗಳ ವಿರುದ್ಧ ಎದ್ದ ಬೆಜವಾಡ ವಿಲ್ಸನ್ ಇಡೀ ದೇಶದ ಕಣ್ಣು ತೆರೆಸಿದರು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಒಳಚರಂಡಿಯಲ್ಲಿ ಸತ್ತವರಿಗೆ 10 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ 30 ಲಕ್ಷ ಅಂದಿತು. ಸಾವಿನ ಬೆಲೆ ಏರ್ತಾ ಇದೆ, ಸಾವು ನಿಂತಿಲ್ಲ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಖಾಯಂ ಮಾಡಿ ಅಂತ ಬೀದಿಗೆ ಬಂದದ್ದು ನಮ್ಮ ಕಣ್ಣೆದುರಿಗೇ ನಡೆದದ್ದು.

ಮೈನಸ್ 50 ಡಿಗ್ರಿಯಲ್ಲಿ, ಹತ್ತಿರದ ಊರು ಸಾವಿರಾರು ಕಿಲೋಮೀಟರ್ ದೂರ ಇರುವಾಗ, ಯಂತ್ರ ಇಟ್ಟು, ಪಾಳಿ ಹಾಕಿ, ಮುಖ್ಯಸ್ಥನ ಕೈಗೂ ಬ್ರಷ್ ಕೊಟ್ಟು ಕಕ್ಕಸು ತೊಳೆಸೋಕೆ ಸಾಧ್ಯ ಅಂತಾದರೆ, ಬೆಂಗಳೂರಿನಲ್ಲಿ ಯಾಕೆ ಸಾಧ್ಯವಿಲ್ಲ? ತಂತ್ರಜ್ಞಾನ ಇಲ್ಲ ಅನ್ನೋ ನೆಪ ಅಲ್ಲೇ ಹಿಮದಲ್ಲಿ ಹೂತು ಹೋಗಿದೆ. ಮನಪರಿವರ್ತನೆ ಆಗಬೇಕು, ಕಾಯಿರಿ ಅನ್ನೋರಿಗೆ ಓರ್ಡ್-ಲೀಸ್ ಡೈರಿ ತೋರಿಸಿ. ಅವನ ಮನಸ್ಸು ಬದಲಾಗಲಿ ಅಂತ ಯಾರೂ ಕಾಯಲಿಲ್ಲ. ಮೊದಲು ಕೈಗೆ ಬಟ್ಟೆ ಕೊಟ್ಟರು.

ನಿಮ್ಮ ಆಫೀಸು, ನಿಮ್ಮ ಹಾಸ್ಟೆಲ್ಲು, ನಿಮ್ಮ ಸಂಘಟನೆಯ ಕಚೇರಿ, ಎಲ್ಲಿ ಬೇಕಾದರೂ ಶುರು ಮಾಡಬಹುದು. ಒಂದು ಹಾಳೆ, ಎಲ್ಲರ ಹೆಸರು, ವಾರಕ್ಕೊಬ್ಬರು. ಅಧ್ಯಕ್ಷರ ಹೆಸರು ಮೊದಲು ಬರೀರಿ.

ಜೈ ಭೀಮ್.